ನಾಲ್ಕೂ ಮೂರೂ ಸೇರಿ ಒಂದು

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಆವಿಯನ್ನು ಹೊರಗೆಳೆಯಲು ಅಟ್ಟದ ಮೇಲೆ ಎರಡು ದೊಡ್ಡ ಫ್ಯಾನುಗಳಿದ್ದವು. ಎರಡೂ ಓಡುವಾಗ ಸದ್ದು ಉಬ್ಬಿ ಕುಗ್ಗುತ್ತಿತ್ತು; ಎರಡನೆಯದರ ಬೇರಿಂಗ್ ಹೋಗಿದೆ ಎಂದು ಮೇಸ್ತ್ರಿ ಎಲ್ಲರೆದುರು ಹೇಳಿಬಿಟ್ಟಿದ್ದ. ಮೂವತ್ತು ವರ್ಷ ಕಬ್ಬಿಣದ ಸಲಾಕೆಯನ್ನು ಯಂತ್ರಕ್ಕೆ ಆನಿಸಿ, ಇನ್ನೊಂದು ತುದಿಗೆ ಕಿವಿಯಿಟ್ಟು ಕಾಯಿಲೆ ಹೇಳಿದವನು. ಫ್ಯಾನು ಬಿಚ್ಚುವ ಕಾಗದಕ್ಕೆ ಅವನ ರುಜು ಬಿದ್ದರೆ ವಾರವಿಡೀ ಕೆಲಸ ಬಂದ್. ಅವನು ರುಜು ಹಾಕದೆ, ಫ್ಯಾನು ಮುರಿದರೆ ಕೆಳಗಿದ್ದವರ ಗತಿ ದೇವರೇ ಬಲ್ಲ.

ಅಷ್ಟರಲ್ಲಿ ಅವನ ಅಕ್ಕನ ಮಗಳು, ಅಲ್ಲಿಯೇ ಇಂಜಿನಿಯರು, ನಡುಕ ಅಳೆದ ಮೂರು ಗ್ರಾಫ್ ತಂದು ಮೇಜಿನ ಮೇಲೆ ಹರಡಿದಳು.

"ಮಾವ, ಇದು ಒಂದನೇದು ಮಾತ್ರ ಓಡಿದಾಗ. ಇದು ಎರಡನೇದು. ಇದು ಎರಡೂ ಓಡಿದಾಗ."

ಮೊದಲೆರಡು ನುಣುಪಾದ ಅಲೆಗಳು. ನಡುಗೆರೆಯಿಂದ ಒಂದರ ಎತ್ತರ ಗ್ರಾಫಿನ ನಾಲ್ಕು ಚೌಕದ ಮನೆ, ಇನ್ನೊಂದರದು ಮೂರು. ಮೂರನೆಯದು ಮಾತ್ರ ಏಳು ಮನೆ ಉಬ್ಬಿ, ಬರುಬರುತ್ತಾ ಒಂದೇ ಮನೆಗೆ ಸೊರಗಿ, ಮತ್ತೆ ಉಬ್ಬಿತ್ತು.

"ನಾಲ್ಕಕ್ಕೆ ಮೂರು ಸೇರಿಸಿದ್ರೆ ಒಂದಾ? ನಿಮ್ಮ ಕಾಲೇಜಲ್ಲಿ ಕೂಡೋದು ಹೀಗೇ ಏನೇ?"

"ಒಂದು ಹತ್ತುವಾಗ ಇನ್ನೊಂದು ಇಳಿದ್ರೆ ಕಳೆದ ಹಾಗೇ ಅಲ್ವಾ? ಎರಡನೇದು ಕೂದಲೆಳೆಯಷ್ಟು ಹೆಚ್ಚು ಜೋರಾಗಿ ತಿರುಗುತ್ತೆ ಮಾವ. ಅದಕ್ಕೇ ಒಂದ್ಸಲ ಜೊತೆಗೂಡ್ತವೆ, ಒಂದ್ಸಲ ಎದುರುಬದುರಾಗ್ತವೆ."

ಮೇಸ್ತ್ರಿ ಎರಡು ಹಾಳೆಗಳನ್ನು ಕಿಟಕಿ ಗಾಜಿಗೆ ಒಂದರ ಮೇಲೊಂದು ಒತ್ತಿ ಹಿಡಿದು ಪೆನ್ಸಿಲಿನಿಂದ ಮನೆ ಎಣಿಸಿದ. ಗುಡ್ಡಕ್ಕೆ ಗುಡ್ಡ ಕೂಡಿದಲ್ಲಿ ಏಳು. ಗುಡ್ಡ ಹಳ್ಳಕ್ಕೆ ಬಿದ್ದಲ್ಲಿ ಒಂದು. ಎಣಿಕೆ ಸರಿ ಬಂದಷ್ಟೂ ತಲೆ ಗೊಂದಲದ ಗೂಡಾಯಿತು.

"ಹಾಳೆ ಬಿಡು. ಬಾ, ತೋರಿಸ್ತೀನಿ."

ಅಟ್ಟ ಹತ್ತಿ ಎರಡನೆಯ ಫ್ಯಾನನ್ನು ನಿಲ್ಲಿಸಿದ. ಉಬ್ಬುತ್ತಾ ಕುಗ್ಗುತ್ತಾ ಇದ್ದ ಗುಂಯ್ ಸದ್ದು ಒಂದೇ ಸಮನಾಯಿತು.

"ನೋಡಿದ್ಯಾ? ಕಳ್ಳ ಸಿಕ್ಕಿದ!"

"ಈಗ ಅದನ್ನ ಓಡಿಸಿ, ಒಂದನೇದು ನಿಲ್ಸಿ."

ಅವನು ತಬ್ಬಿಬ್ಬಾದ. ಚೆನ್ನಾಗಿರುವುದನ್ನು ನಿಲ್ಲಿಸಿ ನೋಡುವ ಪದ್ಧತಿ ಅವನಿಗಿರಲೇ ಇಲ್ಲ; ಕೆಟ್ಟದ್ದು ಎನಿಸಿದ್ದನ್ನು ನಿಲ್ಲಿಸುವುದು, ಬಿಚ್ಚುವುದು, ಅಷ್ಟೇ. ಗೊಣಗುತ್ತಲೇ ಸ್ವಿಚ್ಚು ಒತ್ತಿದ. ಈಗಲೂ ಸದ್ದು ಒಂದೇ ಸಮ. ಸಲಾಕೆ ಆನಿಸಿ ಕೇಳಿದ. ಒಂದು ಕರಕರವೂ ಇಲ್ಲ.

"ಹಾಗಾದ್ರೆ ತಪ್ಪು ಯಾವುದರದು?"

"ಯಾವುದರದೂ ಅಲ್ಲ ಮಾವ."

"ಯಾವುದರದೂ ಅಲ್ದೆ ಈ ಪಾಟಿ ಗಲಾಟೆನಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ಫ್ಯಾನು ಬಿಚ್ಚುವ ಕಾಗದ ಎಳೆದುಕೊಂಡ. ಅದರ ಮೇಲೆ ಬರೆದ: 'ಎರಡೂ ಫ್ಯಾನು ಸರಿ ಇವೆ. ಬಿಚ್ಚುವುದು ಬೇಡ. ಸೇರಿದಾಗ ಹೀಗೇಕೆ ಎಂಬುದು ನನಗೆ ಇನ್ನೂ ತಿಳಿದಿಲ್ಲ.'

ಕೆಳಗೆ ರುಜು ಹಾಕಿದ.