ಎರಕದ ಗೂಬೆ

ಗಡಿಯಾರ ರಿಪೇರಿ ಮಾಡುವವರ ಕೈ ನಡುಗಿದರೆ ಅಂಗಡಿ ಮುಚ್ಚಿಕೊಂಡು ಮನೆಗೆ ಹೋಗಬೇಕು ಎಂದು ಅವಳೇ ಹೇಳುತ್ತಿದ್ದಳು. ಆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅವಳದೇ ಕೈ ನಡುಗಿತು. ಮೇಜಿನ ಮೇಲಿನ ಪುಟ್ಟ ತಕ್ಕಡಿ ಹದಿನೈದು ಗ್ರಾಂ ತೋರಿಸುತ್ತಿತ್ತು. ಇರಬೇಕಾದದ್ದು ಹದಿನೇಳು.

ತಕ್ಕಡಿಯಲ್ಲಿದ್ದದ್ದು ಪ್ರಾಚೀನ ಗ್ರೀಕರ ಬೆಳ್ಳಿ ನಾಣ್ಯ. ಒಂದು ಬದಿಗೆ ಅಥೀನಾ ದೇವಿಯ ಮುಖ, ಇನ್ನೊಂದು ಬದಿಗೆ ಕಣ್ಣರಳಿಸಿದ ಗೂಬೆ. ಅಥವಾ ಹಾಗೆ ಕಾಣುವ ಇನ್ನೇನೋ. ಹದಿನೆಂಟು ವರ್ಷ ಕೂಡಿಹಾಕಿದರೂ ಅವಳ ಹತ್ತಿರ ಇದ್ದದ್ದು ಬರೀ ಒಂಬತ್ತು ನಾಣ್ಯ, ಅದರಲ್ಲಿ ಇದೇ ಕಣ್ಮಣಿ. ದೇವಿಯ ಕೆನ್ನೆಯ ಮೇಲೆ ಉಳಿಯ ಏಟಿತ್ತು. ಒಳಗೂ ಬೆಳ್ಳಿಯೇ ಇದೆಯೋ ಇಲ್ಲವೋ ಎಂದು ಎರಡು ಸಾವಿರ ವರ್ಷಗಳಾಚೆ ಯಾವನೋ ವ್ಯಾಪಾರಿ ಕಡಿದು ನೋಡಿದ ಗಾಯ. ಉಳಿದ ಸಂಗ್ರಾಹಕರು ಅದನ್ನು ಕಂಡು ಮೂಗು ಮುರಿದರೂ ಅವಳಿಗೆ ಆ ಗಾಯವೇ ಇಷ್ಟ. ಅದರ ಅಂಚು ಬ್ಲೇಡಿನಷ್ಟು ಚೂಪಾಗಿತ್ತು. ಈಗ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿದರೆ, ಕರಗಿದ ಮೇಣದಂತೆ ದುಂಡಗೆ! ಗೂಬೆಯ ರೆಕ್ಕೆಯ ತುಂಬ ಸೂಜಿಮೊನೆಯಷ್ಟು ಗುಳ್ಳೆಗಳು. ಇದು ಸುತ್ತಿಗೆಯಲ್ಲಿ ಹೊಡೆದು ಅಚ್ಚೊತ್ತಿದ ಅಸಲಿಯಲ್ಲ, ಎರಕ ಹೊಯ್ದ ನಕಲು.

ಸಂಗ್ರಾಹಕರ ಸಂಘದ ಪ್ರದರ್ಶನಕ್ಕೆಂದು ತಿಂಗಳ ಹಿಂದೆ ನಾಣ್ಯ ಒಯ್ದವನು ಸ್ವಂತ ಅಣ್ಣ, ಸಂಘದ ಅಧ್ಯಕ್ಷ. ನಿನ್ನೆ ಸಂಜೆ ಹತ್ತಿಯಲ್ಲಿ ಸುತ್ತಿ ತಂದುಕೊಟ್ಟವನೂ ಅವನೇ. ಪ್ರದರ್ಶನದಲ್ಲಿ ನಾಣ್ಯದ ಕೆಳಗೆ ‘ಅಧ್ಯಕ್ಷರ ಸಂಗ್ರಹದಿಂದ’ ಎಂಬ ಚೀಟಿ ಕಂಡು ಅವಳಿಗೆ ಕಸಿವಿಸಿಯಾಗಿತ್ತು. “ಪ್ರಿಂಟಿನವನ ಎಡವಟ್ಟು, ಬಿಡೇ” ಎಂದು ಅಣ್ಣ ನಕ್ಕಿದ್ದ. ಅವಳೂ ಬಿಟ್ಟಿದ್ದಳು. ಹಾಗೆ ಬಿಟ್ಟದ್ದು ನೆನಪಾಗಿ ಈಗ ಮೈಯೆಲ್ಲ ಉರಿಯಿತು.

ಅಂಗಡಿಗೆ ಬೀಗ ಜಡಿದು ನಾಲ್ಕು ಬೀದಿ ದಾಪುಗಾಲು ಹಾಕಿದಳು. ಅಣ್ಣ ಮುಂದಿನ ಕೋಣೆಯಲ್ಲಿ ಕೂತು ಪೇಪರ್ ಓದುತ್ತಿದ್ದ. ಅವಳು ನಾಣ್ಯವನ್ನು ಅವನ ಮುಂದೆ ಕುಕ್ಕಿದಳು.

“ಇದೇನಣ್ಣ?”

“ನಿನ್ನ ನಾಣ್ಯ.”

“ಇದು ಎರಕ. ಎರಡು ಗ್ರಾಂ ಕಮ್ಮಿ ಇದೆ.”

“ನಿನ್ನ ತಕ್ಕಡಿ ಕೆಟ್ಟಿರ್ಬೇಕು.”

“ಕಣ್ಣೂ ಕೆಟ್ಟಿದೆಯಾ?”

“ಹಾಗಾದ್ರೆ ನೀನು ತಗೊಂಡಿದ್ದೇ ನಕಲಿ. ಸುಮ್ಮನೆ ನನ್ನ ಮೇಲೆ ಗೂಬೆ ಕೂರಿಸ್ಬೇಡ!”

“ಕೂರಿಸೋಕೆ ನನ್ನ ಹತ್ರ ಗೂಬೆ ಎಲ್ಲಿದೆ? ಅದನ್ನ ಕೇಳೋಕೇ ಬಂದಿರೋದು!”

ಗದ್ದಲ ಕೇಳಿ ಅತ್ತಿಗೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಇಬ್ಬರ ಮುಖವನ್ನೂ ನೋಡಿದಳು. ಒಳಗೆ ಹೋಗಿ, ಬೀರು ತೆರೆದು, ಮಖಮಲ್ ಹಾಸಿದ ತಟ್ಟೆಯೊಂದನ್ನು ತಂದು ಮೇಜಿನ ಮೇಲಿಟ್ಟಳು.

“ಮೂರು ದಿನದಿಂದ ಇದನ್ನೇ ನೋಡ್ತಾ ಕೂತಿದಾರೆ” ಎಂದಳು. “ನಿನ್ನದೇನಾ ನೋಡಮ್ಮ.”

ಅವಳದೇ. ಹೆಬ್ಬೆರಳಿಗೆ ಗಾಯದ ಅಂಚು ಚುಚ್ಚಿತು.

ಅಣ್ಣನ ಮುಖ ಕಪ್ಪಿಟ್ಟಿತು. ಆದರೆ ಬಾಯಿ ಸುಮ್ಮನಿರಲಿಲ್ಲ. “ನಿನಗೆ ಇದನ್ನೆಲ್ಲ ಕಲಿಸಿದ್ದು ಯಾರೇ? ನಾಣ್ಯನ ಅಂಚಲ್ಲಿ ಹಿಡೀಬೇಕು ಅನ್ನೋದೂ ಗೊತ್ತಿರ್ಲಿಲ್ಲ ನಿನಗೆ. ಮೂವತ್ತು ವರ್ಷ ಹುಡುಕಿದ್ರೂ ಇಂಥದ್ದೊಂದು ನನಗೆ ಸಿಗ್ಲಿಲ್ಲ. ನಿನಗೆ ಶುರು ಮಾಡಿದ ವರ್ಷವೇ ಸಿಕ್ತು. ಸಂಘದವರೆಲ್ಲ ‘ತಂಗಿ ಹತ್ರ ಇದೆಯಂತೆ, ನಿಮ್ಮ ಹತ್ರ ಇಲ್ವಾ ಸಾರ್’ ಅಂತ ಕೇಳೋದನ್ನ ಎಷ್ಟು ದಿನ ಕೇಳ್ಲಿ?”

“ಬಾಯಿಬಿಟ್ಟು ಕೇಳಿದ್ರೆ ವರ್ಷಗಟ್ಟಲೆ ನಿನ್ನ ಹತ್ರನೇ ಇಟ್ಟಿರ್ತಿದ್ದೆನಲ್ಲ! ಕದ್ದಿದ್ದಕ್ಕಲ್ಲ ಅಣ್ಣ ನನಗೆ ಉರೀತಿರೋದು. ಒಡವೆ ಎರಕದವನ ಹತ್ರ ಹೋಗಿ ಇಂಥ ದರಿದ್ರ ನಕಲು ಮಾಡಿಸಿ, ಇವಳಿಗೆಲ್ಲಿ ಗೊತ್ತಾಗುತ್ತೆ ಅಂದ್ಕೊಂಡೆಯಲ್ಲ, ಅದಕ್ಕೆ! ಹದಿನೆಂಟು ವರ್ಷ ನಾನು ನೋಡಿದ್ದು, ಓದಿದ್ದು, ಎಲ್ಲ ನಿನ್ನ ಲೆಕ್ಕಕ್ಕೆ ಇಷ್ಟೇನಾ?”

ಅವನು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಅವಳು ಅದನ್ನು ಕಿತ್ತು ನೆಲಕ್ಕೆ ಎಸೆದು, ಅಸಲಿ, ನಕಲಿ ಎರಡನ್ನೂ ತೆಗೆದುಕೊಂಡು ಹೊರಟಳು.

ಭಾನುವಾರ ಸಂಘದ ಸಭೆಯಲ್ಲಿ ಎರಡನ್ನೂ ಮೇಜಿನ ಮೇಲಿಟ್ಟು ನಡೆದದ್ದನ್ನು ನಡೆದಂತೆ ಹೇಳಿದಳು. ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, “ಒಡಹುಟ್ಟಿದವರು, ಇಲ್ಲಿಗೇ ಬಿಟ್ಬಿಡಿ” ಎಂದ. “ನಿಮ್ಮ ನಾಣ್ಯ ಹೋಗಿದ್ರೆ ಬಿಡ್ತಿದ್ರಾ?” ಎಂದಳು.

ಅಣ್ಣ ಎದ್ದು ನಿಂತ. “ಮನೆ ವಿಷಯ ಬೀದಿಗೆ ತಂದೆಯಲ್ಲೇ!”

“ನನ್ನ ನಾಣ್ಯದ ಕೆಳಗೆ ನಿನ್ನ ಚೀಟಿ ಅಂಟಿಸಿ ಊರಿಗೆಲ್ಲ ತೋರಿಸಿದ್ದು ನಾನಲ್ಲ.”

ಅಂದೇ ಅವನು ಅಧ್ಯಕ್ಷಗಿರಿ ಬಿಟ್ಟ. ಎರಡು ತಿಂಗಳಾದ ಮೇಲೆ ಅತ್ತಿಗೆ ಅಂಗಡಿಗೆ ಬಂದು, “ಅವರು ಊಟ ಸರಿಯಾಗಿ ಮಾಡ್ತಿಲ್ಲ. ಒಂದ್ಸಲ ಇಲ್ಲಿಗೆ ಬರ್ಲಾ ಅಂತ ಕೇಳ್ತಿದಾರೆ” ಎಂದಳು.

“ಬರ್ಲಿ ಅತ್ತಿಗೆ. ತಪ್ಪಾಯ್ತು ಅನ್ನೋಕೆ ಬಾಯಿದ್ರೆ ಬರ್ಲಿ. ಇಲ್ಲಾಂದ್ರೆ ಈ ಮೆಟ್ಟಿಲು ಹತ್ತೋದು ಬೇಡ.”

ಅತ್ತಿಗೆ ನಿಟ್ಟುಸಿರಿಟ್ಟು ಹೋದಳು. ಅವನು ಇನ್ನೂ ಬಂದಿಲ್ಲ. ಅವಳ ಸಿಟ್ಟೂ ಇಳಿದಿಲ್ಲ.