ಕಾರು ತಿರುಗುವ ಜಾಗ

ಸೊಸೆ ನೀರಿನ ಪೈಪನ್ನು ಹುಲ್ಲುಹಾಸಿನ ಮೇಲೆ ಬಳುಕಿಸಿ ಹಾಕಿ, ತಲೆ ಓರೆ ಮಾಡಿ ನೋಡಿದಳು. ಹೊಸ ಹೂವಿನ ಪಾತಿಗೆ ಅದೇ ಗಡಿ. ಕಿಟಕಿಯಲ್ಲಿದ್ದ ಮಾವನಿಗೆ ಯಾಕೋ ಸರಿಕಾಣಲಿಲ್ಲ. ಇಷ್ಟಗಲ ಹುಲ್ಲು ಬಿದ್ದಿರುವಾಗ, ತಾವು ಕಾರು ಹಿಂದಕ್ಕೆ ತೆಗೆದು ತಿರುಗಿಸುವ ಮೂಲೆಯೇ ಬೇಕಾಯಿತೇ? ಬಸ್ಸು ಓಡಿಸಿಯೇ ಕೂದಲು ನೆರೆತವರಿಗೆ ಈಗ ಉಳಿದದ್ದು ಆ ಹಳೇ ಕಾರೊಂದೇ. ಸಂಜೆ ಅದರಲ್ಲಿ ಗೆಳೆಯನ ಮನೆಗೆ ಹೋಗಿ ಇಸ್ಪೀಟಾಡಿ ಬಂದರಷ್ಟೇ ನಿದ್ದೆ.

ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು.

"ಇಲ್ಲೇ ಯಾಕಮ್ಮ?"

"ಇಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ ಮಾವ. ಗುಲಾಬಿಗೆ ಬೇಕಲ್ಲ." ಆಕೆ ಮುಖ ಎತ್ತದೆ ಹುಲ್ಲನ್ನು ಬೇರುಸಮೇತ ಎಬ್ಬಿಸುತ್ತಿದ್ದಳು.

ಮಾತು ಬೆಲ್ಲದ ಹಾಗಿತ್ತು. ಅದಕ್ಕೇ ಅನುಮಾನ ಬಲಿಯಿತು. ರಜೆಯ ದಿನ ಹೊತ್ತೇರಿದರೂ ಏಳದ ಮಗ ಇವತ್ತು ಗೊಬ್ಬರದ ಮೂಟೆ ಹೊತ್ತು ಬಂದ. ಅಪ್ಪನನ್ನು ಕಂಡು ಮೂಟೆಯ ಮರೆಗೆ ಮುಖ ಸರಿಸಿದ. ಏನೋ ಮಸಲತ್ತು.

ಮಾವ ಅಲ್ಲೇ ಕುರ್ಚಿ ಹಾಕಿ ಕೂತರು. ಊಟದ ಹೊತ್ತಾಯಿತು, ಕಾಫಿಯ ಹೊತ್ತಾಯಿತು. ಪಕ್ಕದ ಮನೆಯ ದಟ್ಟ ಮರಗಳ ನೆರಳಿನಲ್ಲಿ ಬಿಸಿಲು ಮೈಗೆ ಸೋಕಲೇ ಇಲ್ಲ.

"ಇಲ್ಲಿ ಗುಲಾಬಿ ಬರಲ್ಲ, ನಿನಗೂ ಗೊತ್ತು," ಎಂದರು. "ನನ್ನ ಕಾರಿಗೆ ಅಡ್ಡ ಹಾಕೋಕೆ ತಾನೇ?"

ಸೊಸೆ ಗುದ್ದಲಿ ಕೆಳಗಿಟ್ಟಳು. "ಮೊನ್ನೆ ನೀವು ಪೇಟೆಗೆ ಹೋಗಿಬಂದು ಕಾರಿಂದ ಇಳಿದಾಗ ಬಟ್ಟೆ ಒಣಹಾಕೋ ಕಂಬಕ್ಕೆ 'ಯಾವಾಗ ಬಂದ್ರಿ, ಒಳಗೆ ಬನ್ನಿ' ಅಂದ್ರಿ. ಅದರ ಮೇಲಿದ್ದದ್ದು ನನ್ನ ನೈಟಿ."

"ಮಬ್ಬುಗತ್ತಲು."

"ಮಟಮಟ ಮಧ್ಯಾಹ್ನ, ಮಾವ."

ಮಗ ನಗು ತಡೆಯಲಾರದೆ ಕೆಮ್ಮಿದ.

"ನೀನು ಸುಮ್ನಿರೋ. ಬಾಯಿಬಿಟ್ಟು ಹೇಳೋ ಧೈರ್ಯ ಇಲ್ಲದೆ ಹೆಂಡತಿ ಕೈಗೆ ಗುದ್ದಲಿ ಕೊಟ್ಟವನು."

"ಹೇಳಿದ್ರೆ ಕೇಳ್ತಿದ್ರಾ ಅಪ್ಪ?"

ಮಾವ ಕಾರಿನತ್ತ ನೋಡಿದರು. ಅದರ ಬಣ್ಣವಷ್ಟೇ ಕಾಣುತ್ತಿತ್ತು, ಅಂಚು ಕಾಣುತ್ತಿರಲಿಲ್ಲ. ಎಷ್ಟೋ ದಿನದಿಂದ ಹಾಗೆಯೇ.

"ಇಸ್ಪೀಟಿಗೆ?" ಎಂದರು ಕೊನೆಗೆ.

"ನಾನು ಕರ್ಕೊಂಡು ಹೋಗ್ತೀನಿ," ಎಂದಳು ಸೊಸೆ. "ದಿನಾ."

"ಕಾರು ಎಲ್ಲಿ ತಿರುಗಿಸ್ತೀಯಾ? ಜಾಗಾನೇ ಅಗೆದು ಹಾಕಿದೀಯಲ್ಲ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಇಬ್ಬರಿಗೂ ಹೊಳೆದಿರಲಿಲ್ಲ.

"ಇದನ್ನ ಮೊದಲು ಮುಚ್ಚಿ," ಎನ್ನುತ್ತ ಮಾವ ಜೇಬಿನಿಂದ ಕಾರಿನ ಕೀಲಿ ತೆಗೆದು ಸೊಸೆಯ ಮಣ್ಣುಗೈಯಲ್ಲಿಟ್ಟರು. ಬೆರಳು ಸಡಿಲಿಸಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.