ಎಂಟನೆಯ ಕ್ಯಾಸೆಟ್

ಇದು ನಿಜವಾಗಿ ನಡೆದ ಕಥೆ, ಆಣೆ ಮಾಡಿ ಹೇಳುತ್ತೇನೆ. ನಾನು ಆಣೆ ಮಾಡಿದ ಕೂಡಲೇ ನನ್ನನ್ನು ಬಲ್ಲವರು ಮುಸಿಮುಸಿ ನಗಲು ಶುರು ಮಾಡುತ್ತಾರೆ. ಅವರು ಯಾಕೆ ನಗುತ್ತಾರೆ ಎಂಬುದೂ ಈ ಕಥೆಯಲ್ಲೇ ಇದೆ.

ಒಂಬತ್ತನೇ ತರಗತಿಯಲ್ಲಿ ನಾನು ಇತಿಹಾಸದಲ್ಲಿ ಬಹಳ ಹಿಂದಿದ್ದೆ. ಇತಿಹಾಸ ಅಂದರೆ ಹಿಂದಿನದೇ ತಾನೆ ಎಂದು ಅಪ್ಪನ ಮುಂದೆ ಚಟಾಕಿ ಹಾರಿಸಿ ಕೆನ್ನೆ ಊದಿಸಿಕೊಂಡೂ ಆಗಿತ್ತು. ಪ್ರಪಂಚದ ಇತಿಹಾಸದಲ್ಲಿ ಪಾಸಾಗಲು ಹದಿನಾಲ್ಕು ಅಂಕ ಕಮ್ಮಿ. ಸಿಗದಿದ್ದರೆ ಅದೇ ಬೆಂಚು, ಅದೇ ಪುಸ್ತಕ, ಇನ್ನೊಂದು ವರ್ಷ.

ಆಗ ಇಸವಿ ಮೇಷ್ಟ್ರು ಒಂದು ದಾರಿ ತೋರಿಸಿದರು. ನೀರು ಕುಡಿಯಲು ಹೊರಗೆ ಹೋಗಬೇಕೆಂದರೂ ಅವರಿಗೆ ಒಂದು ಇಸವಿ ಹೇಳಿಯೇ ಹೋಗಬೇಕಿತ್ತು, ಅದಕ್ಕೆ ಆ ಹೆಸರು.

"ಮನೇಲಿರೋ ಹಿರಿಯರನ್ನ ಮಾತಾಡ್ಸಿ. ಮಹಾಯುದ್ಧದ ಕಾಲದಲ್ಲಿ ಅವರು ಕಂಡಿದ್ದನ್ನ ಟೇಪ್ ಮಾಡ್ಕೊಂಡು ಬನ್ನಿ. ಹತ್ತು ನಿಮಿಷ ಸಾಕು. ಇಪ್ಪತ್ತು ಅಂಕ ಹೆಚ್ಚಿಗೆ ಕೊಡ್ತೀನಿ," ಎಂದರು.

ಸಂಜೆಯೇ ನನ್ನ ಗೆಳೆಯ ಸೀಟಿ ಬಂದ. ಮುಂದಿನ ಹಲ್ಲು ಮುರಿದು, ಮಾತಾಡಿದರೆ ಸೀಟಿ ಹೊಡೆದಂತೆ ಕೇಳುತ್ತಿತ್ತು. "ನಮ್ಮಜ್ಜಿಗೆ ನಿನ್ನೇದೇ ನೆನಪಿಲ್ಲ ಕಣೋ. ಯುದ್ಧ ಎಲ್ಲಿಂದ ತರ್ಲಿ? ನೀನು ನಮ್ಮಜ್ಜಿ ಥರ ಮಾತಾಡ್ತೀಯಲ್ಲ, ನೀನೇ ಮಾಡ್ಕೊಡೋ."

ಹೆಡ್‌ಮಾಸ್ಟರಿಂದ ಹಿಡಿದು ಹಾಲಿನವನ ಸೈಕಲ್ ಬೆಲ್‌ವರೆಗೆ ನಾನು ಅಣಕಿಸದ ದನಿ ಇರಲಿಲ್ಲ. ನಮ್ಮದು ಲಾಂಡ್ರಿ. ಮುಂದೆ ಕೌಂಟರು, ಹಿಂದೆ ಬಟ್ಟೆ ಒಗೆಯುವ ಕೋಣೆ, ಅದಕ್ಕೆ ಅಂಟಿಕೊಂಡ ಕೋಣೆಯಲ್ಲಿ ನಾನೂ ತಾತನೂ ಮಲಗುವುದು. ಟೇಪ್ ರೆಕಾರ್ಡರ್ ಇದ್ದದ್ದು ಅಲ್ಲೇ. ಬಾಯೊಳಗೆ ಹತ್ತಿ ತುರುಕಿಕೊಂಡು ಸೀಟಿಯ ಅಜ್ಜಿಯಾದೆ. ಸೀಟಿ ಸತುವಿನ ಟಬ್ಬಿಗೆ ಗುದ್ದಿ ಬಾಂಬು ಹಾಕಿದ. ಅಜ್ಜಿ ಗೋಳೋ ಎಂದು ಅತ್ತಳು. ಇಪ್ಪತ್ತಕ್ಕೆ ಇಪ್ಪತ್ತು!

ಸುದ್ದಿ ಹಬ್ಬಲು ಎಷ್ಟು ಹೊತ್ತು? ಎರಡು ವಾರದಲ್ಲಿ ನಾಲ್ಕು ಅಜ್ಜಿಯರು, ಮೂರು ತಾತಂದಿರು ನನ್ನ ಗಂಟಲಿನಿಂದ ಹೊರಬಿದ್ದರು. ಅಂಕಕ್ಕಾಗಿ ಏಳಂಕದ ನಾಟಕ. ಒಬ್ಬ ತಾತನಿಗೆ ಗೂರಲು ಕೊಟ್ಟೆ, ಒಬ್ಬನಿಗೆ ಕಿವುಡು. ಎಲ್ಲರೂ ಫಿರಂಗಿಯ ಬಾಯಿಂದ ಕೂದಲೆಳೆಯಲ್ಲಿ ಪಾರಾದವರೇ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಎಲ್ಲರಿಗೂ ಪೂರ್ತಿ ಅಂಕ ಕೊಟ್ಟರು. ನನ್ನ ಕೂಲಿ, ಬಿದ್ದು ಬಿದ್ದು ನಗುವ ಏಳು ಗೆಳೆಯರು.

ನನ್ನದೇ ಕ್ಯಾಸೆಟ್ ಬಾಕಿ ಇತ್ತು. ಒಂದು ಮಧ್ಯಾಹ್ನ ಕನ್ನಡಿಯ ಮುಂದೆ ಎಂಟನೆಯ ತಾತನಿಗೆ ಕೆಮ್ಮು ಅಭ್ಯಾಸ ಮಾಡುತ್ತಿದ್ದೆ. ಹಾಸಿಗೆ ಚಾದರ ಮಡಿಸುತ್ತಿದ್ದ ತಾತ ತಲೆ ಎತ್ತದೆ ಹೇಳಿದ, "ಹಂಗಿರ್ಲಿಲ್ಲ ಕಣೋ ಮಗಾ."

"ಏನು ತಾತ?"

"ಯುದ್ಧ. ಅಷ್ಟೊಂದು ಕಿರುಚಾಟ ಇರ್ಲಿಲ್ಲ."

ತಾತ ದಂಡಿನ ಜೊತೆ ಹೋಗಿದ್ದನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಆ ವಿಷಯ ಅವನು ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. "ತಡಿ, ಅಂಗಿ ಹಾಕ್ಕೊಂಡ್ ಬರ್ತೀನಿ," ಎಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕತ್ತಿನವರೆಗೆ ಗುಂಡಿ ಹಾಕಿಕೊಂಡು ಟೇಪ್ ರೆಕಾರ್ಡರ್ ಮುಂದೆ ಕೂತ. ಫೋಟೋ ತೆಗೆಸಿಕೊಳ್ಳುವವನ ಹಾಗೆ.

"ನಾನು ಬಂದೂಕು ಮುಟ್ಟಿದೋನಲ್ಲ. ಬಟ್ಟೆ ಒಗೀತಿದ್ದೆ. ಸತ್ತೋರ ಅಂಗಿ ಮೂಟೆ ಮೂಟೆ ಬರೋದು. ಒಗೆದು, ತೂತು ಹೊಲಿದು, ಇಸ್ತ್ರಿ ಮಾಡಿ ಇಟ್ರೆ, ಹೊಸದಾಗಿ ಬಂದ ಹುಡುಗರಿಗೆ ಅದನ್ನೇ ಕೊಡೋರು. ಒಂದು ಅಂಗಿ ಮೂರು ಸಲ ಬಂತು. ಎರಡನೇ ಸಲ ನನ್ನ ಹೊಲಿಗೆ ನೋಡಿ ಗುರುತು ಹಿಡಿದೆ. ಮೂರನೇ ಸಲ ಹೊಲೀಲಿಲ್ಲ. ತೂತು ಹಾಗೇ ಬಿಟ್ಟು ಇಸ್ತ್ರಿ ಮಾಡಿಟ್ಟೆ. ಹಾಕ್ಕೊಳ್ಳೋನು ನೋಡ್ಲಿ ಅಂತ."

ಅಷ್ಟೇ. ಆಮೇಲೆ ಎದ್ದು ಚಾದರ ಮಡಿಸಲು ಹೋದ. ನನಗೆ ನಗಿಸುವುದು ಗೊತ್ತಿತ್ತು, ಅಳಿಸುವುದೂ ಗೊತ್ತಿತ್ತು. ಕೇಳಿದವರು ಹಾಗೆ ಸುಮ್ಮನೆ ಕೂತುಬಿಡುವಂತೆ ಮಾಡುವುದು ಗೊತ್ತಿರಲಿಲ್ಲ.

ಶನಿವಾರ ಮೇಷ್ಟ್ರು ನನ್ನ ಕ್ಯಾಸೆಟ್ ಹಾಕಿದರು. ತಾತನ ಮಾತು ಮೂರನೇ ಸಲಕ್ಕೆ ಬರುವ ಹೊತ್ತಿಗೆ ಅವರ ಹುಬ್ಬು ಗಂಟಿಕ್ಕಿತು. ಟೇಪ್ ನಿಲ್ಲಿಸಿದರು. ಬೀರುವಿನಿಂದ ಸೀಟಿಯ ಕ್ಯಾಸೆಟ್ ತೆಗೆದು ಹಾಕಿದರು. ಅಜ್ಜಿಯ ಅಳುವಿನ ಹಿಂದೆ, ಬಾಂಬುಗಳ ಹಿಂದೆ, ಬಹಳ ಸಣ್ಣಗೆ: ಧಡ್, ಧಡ್, ಕುಂಯ್. ಒಂದೊಂದಾಗಿ ಉಳಿದವನ್ನೂ ಹಾಕಿದರು. ಗೂರಲು ತಾತನ ಹಿಂದೆಯೂ ಧಡ್, ಧಡ್, ಕುಂಯ್.

ನಮ್ಮ ಲಾಂಡ್ರಿಯಲ್ಲಿ ಬಟ್ಟೆ ಹಿಂಡುವ ಯಂತ್ರಕ್ಕೆ ಒಂದು ಕಾಲು ಗಿಡ್ಡ. ಬೆಳಗಿನಿಂದ ರಾತ್ರಿಯವರೆಗೆ ಕುಂಟುತ್ತಲೇ ಇರುತ್ತಿತ್ತು. ಹುಟ್ಟಿದಾಗಿನಿಂದ ಕೇಳಿ ಕೇಳಿ ನಮ್ಮ ಕಿವಿಗೆ ಅದು ಬೀಳುವುದೇ ನಿಂತುಹೋಗಿತ್ತು.

"ಎಂಟು ಮನೆ, ಎಂಟು ಮುದುಕರು," ಎಂದರು ಮೇಷ್ಟ್ರು. "ಎಲ್ಲರ ಮನೇಲೂ ಒಂದೇ ಮೆಷಿನ್ನು."

ತರಗತಿ ಹೋ ಎಂದಿತು. ನಾನು ಎದ್ದು ನಿಂತೆ. "ಸಾರ್, ಅವೆಲ್ಲ ಸುಳ್ಳು ಸಾರ್. ಇದೊಂದು ನಿಜ. ಆಣೆಗೂ ನಿಜ."

"ಅವುಗಳಲ್ಲೆಲ್ಲ ಇದೇ ಕಳಪೆ. ಒಂದೇ ಅಂಗಿ ಮೂರು ಸಲವಂತೆ! ಕಥೆ ಕಟ್ಟೋಕೂ ಒಂದು ಮಿತಿ ಇರ್ಬೇಕಯ್ಯ."

ನನಗೆ ಸೊನ್ನೆ. ಉಳಿದ ಏಳು ಜನರ ಇಪ್ಪತ್ತು ಆಗಲೇ ಆಫೀಸಿಗೆ ಹೋಗಿತ್ತು. ಅದನ್ನು ವಾಪಸು ತರಬೇಕಾದರೆ ತಾವು ಏಳು ಸಲ ಮೋಸ ಹೋದದ್ದನ್ನು ಮೇಷ್ಟ್ರು ಬರೆದುಕೊಡಬೇಕಿತ್ತು. ಬರೆದುಕೊಡಲಿಲ್ಲ.

ಸೋಮವಾರ ತಾತನೇ ಬಂದ. ಅದೇ ಬಿಳಿ ಅಂಗಿ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮಾತಾಡಿದ್ದು ನಾನೇ ಸ್ವಾಮಿ. ಹುಡುಗಂದೇನೂ ತಪ್ಪಿಲ್ಲ," ಎಂದ.

ಮೇಷ್ಟ್ರು ಎದ್ದು ಕುರ್ಚಿ ಕೊಟ್ಟರು. ಕೆಟ್ಟವರಲ್ಲ ಅವರು. "ಕೂತ್ಕೊಳ್ಳಿ ಹಿರಿಯರೇ. ಯಾವ ಇಸವೀಲಿ ಹೋಗಿದ್ರಿ?"

"ಇಸವಿ ಗೊತ್ತಿಲ್ಲ. ಹದಿನಾಲ್ಕು ತೊಟ್ಟಿ ಇತ್ತು ನೋಡಿ, ಒಗೆಯೋಕೆ."

"ಯಾವ ದಳ? ಕಾಗದ ಪತ್ರ ಏನಾದ್ರೂ?"

ತಾತ ಇಲ್ಲವೆಂದು ತಲೆಯಾಡಿಸಿದ.

"ಮೊಮ್ಮಗನ ಮೇಲೆ ಪ್ರೀತಿ, ನನಗೂ ಅರ್ಥ ಆಗತ್ತೆ," ಎಂದರು ಮೇಷ್ಟ್ರು, ಮೆಲ್ಲಗೆ. "ಒಂದು ಮಾತ್ರ ಒಪ್ಕೋಬೇಕು. ಹುಡುಗ ನಿಮ್ಮ ದನೀನ ಎಷ್ಟು ಚೆನ್ನಾಗಿ ಮಾಡ್ತಾನೆ! ಈಗ ನೀವು ಮಾತಾಡಿದ್ರೂ ಅವನೇ ಮಾತಾಡಿದ ಹಾಗಿದೆ."

ಕಿಟಕಿಯ ಹೊರಗೆ ಸೀಟಿಯೂ ಅವನ ದಂಡಿನವರೂ ಕಿಸಕ್ಕನೆ ನಕ್ಕರು. ನಾಳೆಯೂ ಅವರ ಪಕ್ಕದಲ್ಲೇ ಕೂರಬೇಕಲ್ಲ, ನಾನೂ ಹಲ್ಲು ಕಿರಿದೆ. ತಾತ ನನ್ನ ಹಲ್ಲು ನೋಡಿದ.

ಮೇಜಿನ ಮೇಲಿದ್ದ ಕ್ಯಾಸೆಟ್ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. "ಸರಿ ಬಿಡಿ ಸ್ವಾಮಿ. ಯುದ್ಧದಿಂದ ವಾಪಸು ಬಂದಾಗ ದಂಡಿನ ಆಫೀಸಿನವನೂ ಇದೇ ಅಂದ. ಬಂದೂಕು ಹಿಡಿದೋರ ಹೆಸರು ಮಾತ್ರ ಪಟ್ಟೀಲಿದೆ, ಬಟ್ಟೆ ಒಗೆದೋರು ಯಾರೂ ಹೋಗಿಲ್ಲ, ನಾಟಕ ಆಡ್ಬೇಡ, ನಡಿ ಅಂತ. ಆಗ ನಾನು ಯುದ್ಧಕ್ಕೆ ಹೋಗೇ ಇರ್ಲಿಲ್ಲ. ಈಗ ನಾನು ಮಾತಾಡೇ ಇಲ್ಲ."

ಹೇಳುತ್ತಾ ಹೇಳುತ್ತಾ ಅವನಿಗೇ ನಗು ಬಂತು. ಮೊದಲು ಭುಜ ಕುಲುಕಿತು, ಆಮೇಲೆ ಗಂಟಲು ಬಿಚ್ಚಿತು. ಮೇಷ್ಟ್ರು ಪಾಪ, ಮರ್ಯಾದೆಗೆ ತಾವೂ ಸ್ವಲ್ಪ ನಕ್ಕರು. ಕಿಟಕಿಯ ಹೊರಗಿನ ನಗು ನಿಂತಿತು, ನನ್ನದೂ ನಿಂತಿತು, ಮೇಷ್ಟ್ರದೂ ನಿಂತಿತು. ತಾತ ಮಾತ್ರ ಜೇಬಿನ ಮೇಲೆ ಒಂದು ಕೈ, ಗೋಡೆಗೆ ಒಂದು ಕೈ ಇಟ್ಟುಕೊಂಡು, ಪಕ್ಕದ ತರಗತಿಯ ಪಾಠ ನಿಲ್ಲುವ ಹಾಗೆ, ಗಹಗಹಿಸಿ ನಗುತ್ತಲೇ ಇದ್ದ.